ಕತ್ತೆಗೂ ಮಲಗಲು ಜಾಗ ಬೇಕು

ಮಾನ್ಯರೇ,

ರಾತ್ರಿ ಹೊತ್ತು ರಸ್ತೆಯ ನಡುವೆ ನಿಲ್ಲುವ ಕತ್ತೆಗಳಿಂದ ಬೈಕ್ ಸವಾರರಿಗೆ ಆಗುತ್ತಿರುವ ತೊಂದರೆಯನ್ನು ಕುರಿತು ತಮ್ಮ ಪತ್ರಿಕೆಯಲ್ಲಿ ಈಚೆಗೆ ಕೆಲವು ಓದುಗರು ಬರೆದಿದ್ದಾರೆ. ದೂರು ನ್ಯಾಯವಾದದ್ದೇ. ಆದರೆ ಅವುಗಳನ್ನು ಹಿಡಿದು ದೊಡ್ಡಿಗೆ ಸೇರಿಸಬೇಕೆಂಬ ಸಲಹೆಯ ಜೊತೆಗೆ, ಕತ್ತೆ ನಿಂತೇ ನಿದ್ದೆ ಮಾಡುವ ಪ್ರಾಣಿಯಾದ್ದರಿಂದ ಅದಕ್ಕೆ ಹೆಚ್ಚು ಜಾಗವೇನೂ ಬೇಕಿಲ್ಲ ಎಂಬ ಮಾತೂ ಬಂದಿದೆ. ಈ ಮಾತು ಅರ್ಧ ಮಾತ್ರ ನಿಜ.

ಕತ್ತೆ ನಿಂತೇ ತೂಕಡಿಸುತ್ತದೆ ಎಂಬುದು ಸರಿ. ಕುದುರೆಯಂತೆ ಇದರ ಹಿಂಗಾಲಿನಲ್ಲೂ ಮಂಡಿಚಿಪ್ಪು ತೊಡೆಮೂಳೆಯ ಏಣಿನ ಮೇಲೆ ಸಿಕ್ಕಿಕೊಂಡು ಕೀಲನ್ನು ಬಿಗಿಹಿಡಿಯುವ ಏರ್ಪಾಡು ಇರುವುದರಿಂದ, ಸ್ನಾಯುಗಳಿಗೆ ಹೆಚ್ಚು ದಣಿವಾಗದಂತೆ ಒಂದು ಕಾಲಿನ ಮೇಲೆ ಭಾರ ಹಾಕಿ, ಇನ್ನೊಂದನ್ನು ಸಡಿಲಬಿಟ್ಟು, ಕಿವಿ ಜೋತುಬಿದ್ದ ಸ್ಥಿತಿಯಲ್ಲಿ ಅದು ಬಹಳ ಹೊತ್ತು ನಿಲ್ಲಬಲ್ಲದು. ಆದರೆ ಇದು ಮಂಪರು ಮತ್ತು ಹಗುರ ನಿದ್ದೆ ಮಾತ್ರ. ಕಣ್ಣಗುಡ್ಡೆ ಚಲಿಸುವ, ಕನಸಿನ ನಿದ್ದೆಯಲ್ಲಿ ಮೈಯ ಸ್ನಾಯುಗಳೆಲ್ಲ ಸಡಿಲವಾಗುವುದರಿಂದ ಆ ನಿದ್ದೆಗೆ ಪ್ರಾಣಿ ನೆಲಕ್ಕೆ ಒರಗಲೇಬೇಕು. ಎದೆ ಊರಿ ಮೂತಿಯನ್ನು ನೆಲಕ್ಕೆ ಆನಿಸಿಯೋ ಪೂರ್ತಿ ಮಗ್ಗುಲಾಗಿಯೋ ಮಲಗಬೇಕು. ದಿನಕ್ಕೆ ಅದು ನಿದ್ದೆ ಮಾಡುವುದೇ ಒಟ್ಟು ಸುಮಾರು 3 ಗಂಟೆ, ಅದೂ ತುಣುಕು ತುಣುಕಾಗಿ. ಹಲವು ದಿನ ಮಲಗಲಾಗದ ಕುದುರೆಗಳು ನಿಂತಲ್ಲೇ ಗಾಢ ನಿದ್ದೆಗೆ ಜಾರಿ, ಮುಂಗಾಲು ಕುಸಿದು ಮುಗ್ಗರಿಸುತ್ತವೆ; ಅಂಥವುಗಳ ಮುಂಗಾಲಿನ ಗಂಟುಗಳ ಮೇಲೆ ಗಾಯದ ಕಲೆಗಳು ಉಳಿಯುತ್ತವೆ. ಕತ್ತೆಯ ಮೈಕಟ್ಟೂ ಅದೇ ಜಾತಿಯದು. ಮುಂಗಾಲಿನ ಇಂಥ ಗಾಯಗಳನ್ನೆಲ್ಲ ಹೊರೆಯ ಭಾರಕ್ಕೇ ಹೊಂದಿಸಿ ಸುಮ್ಮನಾಗುವ ಮೊದಲು, ಆ ಪ್ರಾಣಿ ರಾತ್ರಿ ಎಲ್ಲಿ ಮಲಗಿತ್ತು ಎಂದು ವಿಚಾರಿಸುವುದು ಒಳ್ಳೆಯದು.

ಮಲಗಲು ಕತ್ತೆಗೆ ಜಾಗದಷ್ಟೇ ಧೈರ್ಯವೂ ಬೇಕು. ಗುಂಪಿನಲ್ಲಿ ಕೆಲವು ಒರಗಿದಾಗ ಮತ್ತೊಂದು ನಿಂತು ಕಾಯುವುದನ್ನು ಸಾಕಿದವರೆಲ್ಲ ಬಲ್ಲರು. ಜೊತೆಗಾರನಿಲ್ಲದೆ, ಬೀದಿನಾಯಿಗಳ ನಡುವೆ ಒಂಟಿಯಾಗಿ ಕಟ್ಟಿಹಾಕಿದ ಕತ್ತೆ ಕಾವಲಿನಲ್ಲೇ ಬೆಳಗು ಮಾಡುತ್ತದೆ. ನೋಡಿದವರು ಅದನ್ನು ಸಾಧು ಪ್ರಾಣಿ ಎನ್ನುತ್ತಾರೆ!

ಇನ್ನು ಮುಂಗಾಲುಗಳೆರಡನ್ನೂ ಸೇರಿಸಿ ಹಗ್ಗ ಬಿಗಿಯುವ ಅಭ್ಯಾಸ. ಹಸು ಏಳುವಾಗ ಹಿಂಭಾಗವನ್ನು ಮೊದಲು ಎತ್ತುತ್ತದೆ. ಕತ್ತೆ ಮುಂಗಾಲುಗಳನ್ನು ಮುಂದೆ ಚಾಚಿ ಊರಿ, ಆಮೇಲೆ ಹಿಂಗಾಲಿನ ಬಲದಿಂದ ಏಳುತ್ತದೆ. ಆ ಮುಂಗಾಲುಗಳನ್ನೇ ಕಟ್ಟಿದರೆ ಬೇಗ ಎದ್ದು ಓಡಲಾಗದು ಎಂಬ ಅಂಜಿಕೆಯಲ್ಲಿ ಅದು ಮಲಗುವುದಾದರೂ ಹೇಗೆ? ಬಡ ಮಾಲೀಕರಿಗೆ ಬೇಲಿ ಹಾಕುವ ಶಕ್ತಿ ಇಲ್ಲವೆಂಬುದು ನನಗೆ ತಿಳಿದಿದೆ. ಕೊರಳಿಗೆ ಉದ್ದನೆಯ ಹಗ್ಗ ಕಟ್ಟಿ, ಜೊತೆಯ ಕತ್ತೆಯ ಪಕ್ಕದಲ್ಲಿ ಬಿಡುವುದಕ್ಕೆ ಅಂಥ ಖರ್ಚೇನೂ ಆಗದು.

ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ಕುರಿತ 1965ರ ನಿಯಮಗಳ ಪ್ರಕಾರ ಕತ್ತೆಯ ಮೇಲೆ 50 ಕೆ.ಜಿ.ಗಿಂತ ಹೆಚ್ಚು ಹೇರುವಂತಿಲ್ಲ, ದಿನಕ್ಕೆ 9 ಗಂಟೆಗಿಂತ ಹೆಚ್ಚು ಮತ್ತು ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ವಿಪರೀತ ಗಿಡ್ಡ ಹಗ್ಗದಲ್ಲಿ ಬಹುಕಾಲ ಕಟ್ಟಿಹಾಕುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮೊದಲ ಅಪರಾಧಕ್ಕೆ ಕಾಯ್ದೆ ಹೇಳುವ ದಂಡ 10ರಿಂದ 50 ರೂಪಾಯಿ, ಆದ್ದರಿಂದ ಅದಕ್ಕೆ ಹೆದರುವವರು ಯಾರೂ ಇರಲಾರರು. ಇಟ್ಟಿಗೆ ಭಟ್ಟಿಗಳಲ್ಲಿ ಹೊರೆ ಇಳಿಸಿ ನಿಲ್ಲಿಸಿದರೆ ವಿಶ್ರಾಂತಿ ಕೊಟ್ಟಂತಾಯಿತೆಂದು ತಿಳಿಯುವವರೇ ಹೆಚ್ಚು. 2012 ಮತ್ತು 2019ರ ಜಾನುವಾರು ಗಣತಿಗಳ ನಡುವೆ ದೇಶದ ಕತ್ತೆಗಳ ಸಂಖ್ಯೆ ಶೇ 61ರಷ್ಟು ಕುಸಿದು 1.2 ಲಕ್ಷಕ್ಕೆ ಇಳಿದಿದೆ. ಉಳಿದಿರುವಷ್ಟನ್ನಾದರೂ ನೆಮ್ಮದಿಯಾಗಿ ಮಲಗಿಸುವುದು ಅಸಾಧ್ಯದ ಕೆಲಸವಲ್ಲ.

ಆದ್ದರಿಂದ ಪಶುಪಾಲನಾ ಇಲಾಖೆಯವರು ಲಸಿಕೆ ಹಾಕಲು ಹೋದಾಗ ಮಾಲೀಕರಿಗೆ ಈ ವಿಷಯವನ್ನೂ ತಿಳಿಸಬೇಕು. ಭಟ್ಟಿ ಮಾಲೀಕರು ಕಲ್ಲು, ಇಟ್ಟಿಗೆ ಚೂರುಗಳಿಲ್ಲದ ಒಣ ಮಣ್ಣಿನ ಒಂದಿಷ್ಟು ಜಾಗವನ್ನು ಬಿಡಬೇಕು. ಕತ್ತೆಯ ತುಪ್ಪಳ ಕುದುರೆಯದರಷ್ಟು ಮಳೆ ತಡೆಯಲಾರದಾದ್ದರಿಂದ ಆ ಜಾಗದ ಮೇಲೊಂದು ತಗಡಿನ ಚಾವಣಿಯೂ ಇರಲಿ. ರಸ್ತೆಯಿಂದ ಹಿಡಿದು ತಂದ ಕತ್ತೆಗಳನ್ನು ಪುರಸಭೆಯವರು ದೊಡ್ಡಿಯಲ್ಲಿ ಒತ್ತೊತ್ತಾಗಿ ತುಂಬದೆ, ಜೊತೆಯಾಗಿದ್ದವನ್ನು ಜೊತೆಯಾಗಿಯೇ ಇಟ್ಟು, ಪ್ರತಿಯೊಂದೂ ಮಗ್ಗುಲಾಗುವಷ್ಟು ಜಾಗ ಬಿಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ನಿವೃತ್ತ ಪಶುವೈದ್ಯಕೀಯ ಪರಿವೀಕ್ಷಕ, ಚಿತ್ರದುರ್ಗ