ಟೆಂಟ್ ಹಾಕುವ ಮುನ್ನ ಹುಳುಮನೆ ಎಲ್ಲಿದೆ ಕೇಳಿ

ಮಾನ್ಯ ಸಂಪಾದಕರೇ,

ಸ್ಕಂದಗಿರಿಯ ಮೇಲೆ ರಾತ್ರಿ ಉಳಿಯಲು ಅವಕಾಶವಿಲ್ಲ. ಹಾಗಾಗಿ ಚಳಿಗಾಲ ಬಂತೆಂದರೆ ಶನಿವಾರ ಸಂಜೆ ಚಿಕ್ಕಬಳ್ಳಾಪುರ ಸುತ್ತಲಿನ ಬೆಟ್ಟಗಳ ತಪ್ಪಲಲ್ಲಿ, ಹೊಲ ತೋಟಗಳ ನಡುವೆ ಟೆಂಟ್‌ಗಳು ಏಳುತ್ತವೆ. ಬರುವವರು ಬರಲಿ, ಜಾಗ ಕೊಟ್ಟ ರೈತನಿಗೂ ನಾಲ್ಕು ಕಾಸು ಸಿಗಲಿ. ಆದರೆ ಅದರಿಂದ ಪಕ್ಕದ ಹೊಲದವನ ಬೆಳೆ ಹಾಳಾಗಬಾರದು.

ಇದು ರೇಷ್ಮೆ ಸೀಮೆ. ರೇಷ್ಮೆ ಹುಳು ಸಾಕುವ ಹುಳುಮನೆಗೆ ಸೊಳ್ಳೆ ಬತ್ತಿಯ ಹೊಗೆ ವಿಷ. ಬತ್ತಿಯಲ್ಲೂ ಸೊಳ್ಳೆ ಸ್ಪ್ರೇಯಲ್ಲೂ ಇರುವುದು ಕೀಟನಾಶಕವೇ, ರೇಷ್ಮೆ ಹುಳುವೂ ಕೀಟವೇ. ಬೀಡಿ ಸಿಗರೇಟಿನ ನಿಕೋಟಿನ್ ಕೂಡ ಹಾಗೆಯೇ. ಹೊಗೆ ಒಳಗೆ ನುಗ್ಗಿದರೆ ಹುಳು ಸೊಪ್ಪು ತಿನ್ನುವುದನ್ನೇ ಬಿಡುತ್ತದೆ, ಹಸಿರು ರಸ ಕಕ್ಕಿ ಸಾಯುತ್ತದೆ. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದು ಹಣ್ಣಾಗುವ, ಅಂದರೆ ಗೂಡು ಕಟ್ಟಲು ಸಿದ್ಧವಾಗುವ, ಹೊತ್ತಿಗೆ ಹೀಗಾದರೆ ಸೊಪ್ಪು, ಕೂಲಿ, ಮೊಟ್ಟೆಗೆ ಹಾಕಿದ ದುಡ್ಡೆಲ್ಲ ಹೋದಂತೆ. ಸ್ಪ್ರೇಯ ಹನಿ ಹಿಪ್ಪುನೇರಳೆ ಎಲೆಯ ಮೇಲೆ ಕೂತರೂ ಸಾಕು, ಮರುದಿನ ಅದೇ ಸೊಪ್ಪು ಹುಳುವಿನ ಬಾಯಿಗೆ ಹೋಗುತ್ತದೆ.

ಹುಳುಮನೆ ಗುರುತಿಸುವುದು ಕಷ್ಟವಲ್ಲ. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ಬಾರದಂತೆ ಕಿಟಕಿಗೆಲ್ಲ ಬಲೆ ಬಡಿದಿರುತ್ತಾರೆ, ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ ಚೆಲ್ಲಿರುತ್ತಾರೆ, ಹೊರಗೆ ಹುಳು ಗೂಡು ಕಟ್ಟುವ ತಟ್ಟಿಯಾದ ಚಂದ್ರಿಕೆ ಒರಗಿಸಿರುತ್ತಾರೆ. ಕಾಣದಿದ್ದರೆ "ಅಣ್ಣಾ, ಹತ್ತಿರದಲ್ಲಿ ಹುಳು ಇದೆಯಾ?" ಎಂದು ಕೇಳಿ. ಇದೆ ಎಂದರೆ ಬತ್ತಿಯೂ ಬೇಡ, ಕ್ಯಾಂಪ್‌ಫೈರೂ ಬೇಡ. ಟೆಂಟಿನ ಬಲೆಯ ಜಿಪ್ ಎಳೆದುಕೊಳ್ಳಿ, ತುಂಬು ತೋಳಿನ ಅಂಗಿ ಹಾಕಿ. ಸೊಳ್ಳೆ ಕ್ರೀಮ್ ಹಚ್ಚಿದ ಕೈಯಲ್ಲಿ ಸೊಪ್ಪಿನ ತೋಟಕ್ಕೆ ಕಾಲಿಡಬೇಡಿ. ಹುಳು ನೋಡುವ ಆಸೆಯಾದರೂ ಕರೆಯದೆ ಒಳಹೋಗಬೇಡಿ. ಕಾಲಿನ ಧೂಳಿನ ಜೊತೆಗೇ ರೋಗವೂ ಒಳಗೆ ಹೋಗುತ್ತದೆ.

ಬೆಂಕಿಯ ವಿಚಾರಕ್ಕೆ ಬಂದರೆ, ಸಂಕ್ರಾಂತಿ ಕಳೆದ ಮೇಲೆ ಬೆಟ್ಟದ ಹುಲ್ಲೆಲ್ಲ ಒಣಗಿ ನಿಂತಿರುತ್ತದೆ. ಆಗ ಗ್ಯಾಸ್ ಸ್ಟೌ ಒಂದೇ ಸರಿ. 'ಬಂಡೆ ಮೇಲೆ ಹಚ್ಚಿದರೆ ಏನಾಗುತ್ತದೆ' ಎನ್ನುವವರುಂಟು. ಕಾದ ಬಂಡೆ ಪದರವಾಗಿ ಏಳುತ್ತದೆ. ಕಲ್ಲು ಎಬ್ಬಿಸಲು ಬೆಂಕಿ ಹಾಕುವುದು ನಮ್ಮ ಕಲ್ಲುಕುಟಿಗರ ಹಳೆಯ ಉಪಾಯ. ಮಸಿಯ ಕಲೆಯಂತೂ ಎಷ್ಟೋ ಮಳೆಗಾಲ ಉಳಿಯುತ್ತದೆ. ಹೊಲದಲ್ಲಿ ಹಚ್ಚಲು ಒಪ್ಪಿಗೆ ಸಿಕ್ಕಿದ್ದರೂ ಆರಿಸುವಾಗ ಮಣ್ಣು ಮುಚ್ಚಿ ಎದ್ದುಹೋಗಬೇಡಿ. ಮಣ್ಣಿನಡಿ ಕೆಂಡ, ಅದರಲ್ಲೂ ಬೆರಣಿಯ ಕೆಂಡ, ಗಂಟೆಗಟ್ಟಲೆ ಜೀವ ಹಿಡಿದಿರುತ್ತದೆ. ನೀರು ಹಾಕಿ, ಕೋಲಿನಿಂದ ಕಲಕಿ, ಮತ್ತೆ ನೀರು ಹಾಕಿ. ಬೂದಿ ಕೈಗೆ ತಣ್ಣಗೆ ಹತ್ತುವವರೆಗೂ ಇದೇ ಕೆಲಸ. ಹತ್ತು ಲೀಟರಿನ ಕ್ಯಾನ್ ಒಂದು ಇದಕ್ಕೆಂದೇ ಪಕ್ಕದಲ್ಲಿರಲಿ.

ಬೆಟ್ಟದ ದೊಣೆಯ (ಬಂಡೆಯ ಗುಂಡಿಯಲ್ಲಿ ನಿಂತ) ನೀರಿಗೆ ಸೋಪು ಮುಟ್ಟಿಸಬೇಡಿ. ಬೇಸಿಗೆಯಲ್ಲಿ ಕೋತಿಗೂ ಕುರಿಗೂ ಅದೇ ನೀರು. ಪಾತ್ರೆಯನ್ನು ಮೊದಲು ಕಾಗದದಲ್ಲಿ ಒರೆಸಿ, ದೊಣೆಯಿಂದ, ಕೆರೆಯಿಂದ ಇನ್ನೂರು ಅಡಿ ಆಚೆ ತೊಳೆಯಿರಿ. ಶೌಚಕ್ಕೂ ಅಷ್ಟೇ ದೂರ. ಆರರಿಂದ ಎಂಟು ಅಂಗುಲ ಗುಂಡಿ ತೋಡಿ ಮುಚ್ಚಬೇಕು. ನಮ್ಮ ಬೆಟ್ಟಗಳ ಮೇಲೆ ಎಷ್ಟೋ ಕಡೆ ಅಷ್ಟು ಮಣ್ಣೇ ಇಲ್ಲ, ಆದ್ದರಿಂದ ಹತ್ತುವ ಮೊದಲೇ ಮುಗಿಸಿಕೊಳ್ಳಿ. ಒದ್ದೆ ಟಿಶ್ಯೂ, ಪ್ಯಾಡ್ ಮಣ್ಣಲ್ಲಿ ಕರಗುವುದಿಲ್ಲ, ವಾಪಸ್ ಒಯ್ಯಿರಿ.

ಉಳಿದ ಅನ್ನವನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಎಸೆಯುವುದು ದನಗಳ ಪಾಲಿಗೆ ಬಹಳ ಕೆಟ್ಟದ್ದು. ದನ ಗಂಟು ಬಿಚ್ಚುವುದಿಲ್ಲ, ಕವರ್ ಸಮೇತ ನುಂಗುತ್ತದೆ.

ತೆರೆದ ಜಾಗದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ, 2000ನೇ ಇಸವಿಯ ಶಬ್ದಮಾಲಿನ್ಯ ನಿಯಮವೇ ಇದೆ. ಚಳಿಯ ರಾತ್ರಿ ನೆಲದ ಗಾಳಿ ತಣ್ಣಗಿದ್ದು ಮೇಲಿನದು ಬೆಚ್ಚಗಿರುವುದರಿಂದ ಸದ್ದು ಮೇಲೆ ಹೋಗದೆ ಬಾಗಿ ಕೆಳಗೇ ಹರಿಯುತ್ತದೆ. ನಿಮಗೆ ಸಣ್ಣದೆನಿಸಿದ ಹಾಡು ಅಲ್ಲಿಯ ಊರಿಗೆ ಕೇಳುತ್ತದೆ. ಹೂ ಬಿಡಿಸುವವರು, ಹಾಲು ಕರೆಯುವವರು ಕೋಳಿ ಕೂಗುವ ಮೊದಲೇ ಏಳಬೇಕು.

ಶಿಬಿರ ನಡೆಸುವವರಲ್ಲಿ ಒಂದು ಕೋರಿಕೆ. ಇದನ್ನೆಲ್ಲ ದುಡ್ಡು ಪಡೆಯುವಾಗಲೇ ಹೇಳಿ, ಬಂದಿಳಿದ ಮೇಲೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಹೊಡೆದ ಟೆಂಟ್ ಗೂಟಗಳನ್ನು ಎಣಿಸಿ, ಕೀಳುವಾಗಲೂ ಎಣಿಸಿ. ಹೊಲದಲ್ಲಿ ಉಳಿದ ಕಬ್ಬಿಣದ ಗೂಟ ಎತ್ತಿನ ಗೊರಸಿಗೋ ಟ್ರ್ಯಾಕ್ಟರ್ ಟೈರಿಗೋ ಚುಚ್ಚುತ್ತದೆ.

– ಚಾರಣಾಸಕ್ತ ಓದುಗರು, ಚಿಕ್ಕಬಳ್ಳಾಪುರ