ಒಪ್ಪಿಗೆ ಪತ್ರದ ಪಿಡಿಎಫ್ ತೆರೆದು ನೋಡಿ

ಮಾನ್ಯ ಸಂಪಾದಕರೇ,

ವೈದ್ಯಕೀಯ ಅಧ್ಯಯನಗಳ ಒಪ್ಪಿಗೆ ಪತ್ರ ಈಗ ರೆಡ್‌ಕ್ಯಾಪ್‌ನಂಥ ಆನ್‌ಲೈನ್ ದತ್ತಾಂಶ ಸಂಗ್ರಹ ತಂತ್ರಾಂಶಕ್ಕೂ ಬಂದಿದೆ. ಅಲ್ಲಿ ಅದನ್ನು ಮಾಮೂಲಿ ಸಮೀಕ್ಷೆಯಂತೆ ಬಿಟ್ಟರೆ ಸಾಲದು, ಅದರ ಇ-ಕನ್ಸೆಂಟ್ (ವಿದ್ಯುನ್ಮಾನ ಒಪ್ಪಿಗೆ) ವ್ಯವಸ್ಥೆ ಚಾಲೂ ಮಾಡಬೇಕು. ಆಗ ಭಾಗವಹಿಸುವವರು ಕೊನೆಯ ಪುಟದಲ್ಲಿ ತಮ್ಮ ಪ್ರತಿ ನೋಡಿ ದೃಢೀಕರಿಸುತ್ತಾರೆ. ಅದು ಪಿಡಿಎಫ್ ಆಗಿ ಉಳಿಯುತ್ತದೆ. ಅಧ್ಯಯನ ಶುರುವಾಗುವ ಮುನ್ನ ಸಂಶೋಧಕರು ಪತ್ರವನ್ನು ಪರೀಕ್ಷೆಗಾಗಿ ತುಂಬಿ, ಆ ಪಿಡಿಎಫ್ ತೆರೆದು ಓದಲೇಬೇಕು. ಪರದೆಯ ಮೇಲೆ ಸರಿಯಿದ್ದ ‘ಚಿಕಿತ್ಸೆ’ ಅಲ್ಲಿ ಒತ್ತಕ್ಷರ ಕಳಚಿಕೊಂಡು ‘ಚಿಕಿತ್‌ಸೆ’ ಆಗಿರಬಹುದು, ಇಲ್ಲವೇ ಬರೀ ಚೌಕಗಳಿರಬಹುದು. ಅಂಥ ಪ್ರತಿ ಕೈಗಿತ್ತರೆ ಅವರು ಓದುವುದಾದರೂ ಏನು?

ಪತ್ರ ತಿದ್ದಿದಾಗ ಹಳೆಯದರ ಮೇಲೇ ಬರೆಯದೆ, ಅಧ್ಯಯನಗಳನ್ನು ಪರಿಶೀಲಿಸುವ ನೈತಿಕ ಸಮಿತಿಯ ಅನುಮೋದನೆ ಪಡೆದು ಹೊಸ ಆವೃತ್ತಿ ಸಂಖ್ಯೆ ಕೊಡಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಓದು ಬಾರದವರಿಗೆ ನಿಷ್ಪಕ್ಷಪಾತ ಸಾಕ್ಷಿ ಬೇಕು. ಸಾಕ್ಷಿಯ ಸಹಿಯ ಜಾಗವನ್ನು ಕಡ್ಡಾಯವೆಂದು ಗುರುತಿಸದಿದ್ದರೆ ಅದು ಖಾಲಿಯಿದ್ದರೂ ಫಾರ್ಮ್ ಸಲ್ಲಿಕೆಯಾಗಿಬಿಡುತ್ತದೆ.

– ಸಂಶೋಧನಾ ದತ್ತಾಂಶ ನಿರ್ವಾಹಕರು, ಬೆಂಗಳೂರು