ಒಂಬತ್ತನೇ ತರಗತಿಯ ಪೋಷಕರಿಗೆ: ಗಡಿಯಾರ ನೋಡಿ ಬರೆಯುವ ಲೆಕ್ಕದ ಬಗ್ಗೆ

ಪೋಷಕರಿಗೆ ನಮಸ್ಕಾರ.

ಮಕ್ಕಳು ಮನೆ ಬಿಡುವಾಗ ಗಡಿಯಾರ ನೋಡಿ ಏನೋ ಬರೆದುಕೊಳ್ಳುವುದನ್ನು ನೀವು ನೋಡಿರಬಹುದು. ಶಾಲೆಗೆ ಬರಲು ಎಷ್ಟು ನಿಮಿಷ ಹಿಡಿಯಿತು ಅಂತ ದಿನಾ ಬರೆಯಬೇಕು. ಆ ಅಂಕಿಗಳಿಂದ ಬಾಕ್ಸ್ ಪ್ಲಾಟ್, ಅಂದರೆ ಅಂಕಿಗಳು ಹೇಗೆ ಹರಡಿವೆ ಎಂದು ಒಂದು ಪೆಟ್ಟಿಗೆಯಿಂದ ತೋರಿಸುವ ಚಿತ್ರ, ಬಿಡಿಸಲು ಕಲಿಸುತ್ತಿದ್ದೇವೆ.

"ಇದು ಪರೀಕ್ಷೆಗೆ ಬರ್ತದಾ ಸರ್?" ಎಂದು ಕೆಲವರು ಫೋನ್ ಮಾಡಿ ಕೇಳಿದರು. ಬರುವುದಿಲ್ಲ. ಆದರೂ ಕಲಿಸುತ್ತೇವೆ. ಸರಾಸರಿಯಂಥ ಒಂದೇ ಅಂಕಿಯನ್ನು ನಂಬಿದರೆ ಮೋಸ ಹೋಗುವುದು ಸುಲಭ. ಅಡಿಕೆ ಮಾರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಪೇಪರಿನಲ್ಲಿ ರಾಶಿ, ಚಾಲಿ ಅಡಿಕೆಯ ಗರಿಷ್ಠ ದರ ಇರುತ್ತದೆ. ಅದು ಸಿಕ್ಕಿದ್ದು ಒಂದೇ ಲಾಟಿಗೋ, ಅರ್ಧ ಮಾಲಿಗೋ ಗೊತ್ತಾಗುವುದಿಲ್ಲ.

ಸೋಮವಾರ ಮೇಷ್ಟ್ರು 11 ಮಕ್ಕಳ ನಿಮಿಷಗಳನ್ನು ಬೋರ್ಡಿನ ಮೇಲೆ ಸಾಲಾಗಿ ಬರೆದರು: 5, 8, 10, 12, 15, 15, 20, 25, 30, 40, 75. ನಟ್ಟನಡುವಿನ 15 ಮಧ್ಯಾಂಕ. ಅದರ ಎಡಗಡೆಯ ಐದರ ನಡುವಿನದು 10, ಬಲಗಡೆಯ ಐದರ ನಡುವಿನದು 30. ಇವು ಚತುರ್ಥಕಗಳು. 10ರಿಂದ 30ರವರೆಗೆ ಪೆಟ್ಟಿಗೆ, ಒಳಗೆ 15ಕ್ಕೆ ಒಂದು ಗೆರೆ. ಪೆಟ್ಟಿಗೆಯ ಉದ್ದ 20, ಅದರ ಒಂದೂವರೆ ಪಟ್ಟು 30. ಪೆಟ್ಟಿಗೆಯ ಅಂಚಿನಿಂದ ಅದಕ್ಕಿಂತ ದೂರ ಹೋದ ಅಂಕಿಯನ್ನು ಚುಕ್ಕೆಯಾಗಿ ಇಡಬೇಕು. ಹಾಗಾಗಿ ಮೀಸೆ, ಅಂದರೆ ಪೆಟ್ಟಿಗೆಯಿಂದ ಹೊರಗೆ ಎಳೆಯುವ ಗೆರೆ, ಎಡಕ್ಕೆ 5ರವರೆಗೆ, ಬಲಕ್ಕೆ 40ರವರೆಗೆ. 75 ಹೊರಗೆ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ 1970ರ ದಶಕದಲ್ಲಿ ಬಳಕೆಗೆ ತಂದ ಕ್ರಮ ಇದು.

ಮೀಸೆ ಉದ್ದ ಇದ್ದ ಕಡೆ ಮಕ್ಕಳು ಜಾಸ್ತಿ ಅಂತ ಹೆಚ್ಚಿನವರು ತಿಳಿಯುತ್ತಾರೆ. ಹಾಗಲ್ಲ. ಎರಡು ಮೀಸೆ (ಹೊರಗಿನ ಚುಕ್ಕೆ ಸೇರಿ), ಗೆರೆಯ ಆಚೀಚೆ ಪೆಟ್ಟಿಗೆಯ ಎರಡು ತುಂಡು, ಹೀಗೆ ನಾಲ್ಕು ಭಾಗ; ಪ್ರತಿ ಭಾಗದಲ್ಲೂ ಇರುವುದು ಸುಮಾರು ಕಾಲು ಪಾಲು ಮಕ್ಕಳೇ. ಉದ್ದ ಇದ್ದರೆ ಅವರ ಸಮಯ ಚದುರಿಕೊಂಡಿದೆ ಎಂದರ್ಥ, ಅಷ್ಟೇ. ಇದನ್ನು ತಲೆಗೆ ಹತ್ತಿಸಲು ಮೇಷ್ಟ್ರಿಗೆ ಒಂದಿಡೀ ಪೀರಿಯಡ್ ಬೇಕಾಯಿತು.

ಇದೇ ಅಂಕಿಗಳ ಸರಾಸರಿ ಸುಮಾರು 23. ಏಳು ಮಕ್ಕಳು ಅದಕ್ಕಿಂತ ಬೇಗ ಬಂದವರು. 75 ಎಲ್ಲೋ ತಪ್ಪಾಗಿದೆ ಎಂದು ಒಬ್ಬ ಡಸ್ಟರ್ ಹಿಡಿದು ಅಳಿಸಲು ಹೊರಟ. ಹಿಂದಿನ ಬೆಂಚಿನ ಹುಡುಗಿ ಎದ್ದು, "ತಪ್ಪಲ್ಲ, ಕಾಲುಸಂಕ ದಾಟಿ ಬಸ್ಸಿಗೆ ನಡೀಬೇಕು" ಎಂದಳು. ಮುಂದಿನ ಮಾತೆಲ್ಲ ಬಸ್ಸಿನದೇ ಆಯಿತು. ಸರಾಸರಿ ಹೇಳಿ ಮುಗಿಸಿದ್ದರೆ ಈ ಮಾತೇ ಏಳುತ್ತಿರಲಿಲ್ಲ.

ನಿಮ್ಮಿಂದ ಸ್ವಲ್ಪ ಸಹಾಯ ಬೇಕು. ಬಸ್ ತಪ್ಪಿದ ದಿನದ ನಿಮಿಷವನ್ನೂ ಇದ್ದ ಹಾಗೇ ಬರೆಯಲಿ. ಅದಕ್ಕೆ ಬೈಯಬೇಡಿ. 18 ಇದ್ದರೆ ಸುಮ್ನೆ 20 ಮಾಡುವುದು ಬೇಡ. ಗ್ರಾಫ್ ಹಾಳೆ ನಾವೇ ಕೊಡುತ್ತೇವೆ. ಚಿತ್ರ ಮಾತ್ರ ಮಕ್ಕಳೇ ಬಿಡಿಸಲಿ. ಸೊಟ್ಟಗಾದರೂ ಅಡ್ಡಿಲ್ಲ, ಅಳತೆಯ ಗೆರೆಯಲ್ಲಿ ಅಂತರ ಸಮ ಇರಬೇಕು.

ಮುಂದಿನ ಪಾಠ ಅಡಿಕೆ ದರದ್ದು. ಮನೆಯಲ್ಲಿ ಹಳೇ ಮಾರಾಟದ ಬಿಲ್ಲುಗಳಿದ್ದರೆ, ಹೆಸರು ಮತ್ತು ಖಾತೆ ನಂಬರ್ ಮುಚ್ಚಿ ಜೆರಾಕ್ಸ್ ಮಾಡಿ ಶನಿವಾರದೊಳಗೆ ಕಳಿಸಿ. ರಾಶಿ, ಚಾಲಿ, ಬೆಟ್ಟೆ ಬೇರೆ ಬೇರೆ ಇರಲಿ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯರು
ಶಿರಸಿ